ಬೆಳ್ಳಿ ನೂಲಿನ ಅಂಗಿ

ಶಿರಸಿಯ ಚರ್ಮದ ಡಾಕ್ಟರ ಬಾಗಿಲಲ್ಲಿ ಚೀಟಿ ಹಿಡಿದು ಕೂತಿದ್ದ ಜೊಹರಾ ಬಟ್ಟೆ ವ್ಯಾಪಾರದ ಮನೆಯವಳು. ಅಂಗಿಯ ಮಾತು ಬಂದದ್ದೇ ಅವಳ ಕಿವಿ ಪಕ್ಕದ ಅತ್ತೆ–ಸೊಸೆಯ ಕಡೆ ತಿರುಗಿತು. ಸೊಸೆಯ ತೊಡೆಯ ಮೇಲೆ ಮಗುವೊಂದು ಕೆಂಪಾಗಿ ಉಬ್ಬಿದ ಮೊಣಕೈ ಕೆರೆದುಕೊಳ್ಳುತ್ತಿತ್ತು.

“ಬೆಳ್ಳಿ ನೂಲಿನ ಅಂಗಿ ಹಾಕಿದ್ರೆ ಕೀಟಾಣು ಸಾಯ್ತು ಹೇಳಿದ್ರು. ಮೊದ್ಲು ಕಮ್ಮಿ ಆಗಿತ್ತು, ಈಗ ಮತ್ತೆ ಎದ್ದಿದ್ದು,” ಎಂದಳು ಸೊಸೆ.

“ಅದ್ರಲ್ಲಿ ಬೆಳ್ಳಿನೂ ಇಲ್ಲೆ, ಎಂತದೂ ಇಲ್ಲೆ. ಬರೀ ಮೋಸ.”

“ಹೆಂಗೆ ಗೊತ್ತಾತು ಅತ್ತೆ?”

“ದೇವರ ದೀಪ ತಿಕ್ಕೋ ಹಾಂಗೆ ಕೂಸಿನ ಅಂಗಿನೂ ದಿನಾ ಹುಣಸೆಹಣ್ಣು ಹಾಕಿ ತಿಕ್ಕಿದೆ. ಚೂರೂ ಹೊಳೆಯಲಿಲ್ಲೆ.”

“ಎಷ್ಟು ದಿನದಿಂದ?”

“ಎಂಟು ದಿನ ಆತು.”

“ಕೂಸು ಮತ್ತೆ ಕೆರ್ಕಂಬಲೆ ಶುರು ಮಾಡಿದ್ದೂ ಎಂಟು ದಿನ ಆತು.”

ಒಳಗಿನಿಂದ ಹೆಸರು ಕರೆದರು. ಸೊಸೆ ಮಗುವನ್ನೆತ್ತಿಕೊಂಡು ಎದ್ದಳು. ಬಾಗಿಲ ಬಳಿ ಅತ್ತೆ ಅವಳ ಸೆರಗು ಜಗ್ಗಿದರು.

“ಮಧುರಾ, ಡಾಕ್ಟ್ರ ಹತ್ರ ಹುಣಸೆಹಣ್ಣಿನ ವಿಷಯ ತೆಗೆಯಡ.”