ಪ್ರಸಾರವಾಗದ ಎರಡು ಪುಟ

ಸಭಾಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಕಲಾವಿದ ಮಿತ್ರರೇ, ಏಳೂವರೆಯ ಧಾರಾವಾಹಿಯನ್ನೂ ಬಿಟ್ಟು ಇಲ್ಲಿಗೆ ಬಂದಿರುವ ಧೈರ್ಯವಂತ ಸಭಿಕರೇ,

ಹನ್ನೊಂದು ವರ್ಷ ಒಂದೇ ಧಾರಾವಾಹಿಗೆ ಸಂಭಾಷಣೆ ಬರೆದವಳನ್ನು ಕರೆದು ಸನ್ಮಾನಿಸಿದ್ದೀರಿ. ಐದು ನಿಮಿಷದಲ್ಲಿ ಮುಗಿಸಿ ಎಂದು ನಿರೂಪಕರು ಕಿವಿಯಲ್ಲಿ ಹೇಳಿದ್ದಾರೆ. ಒಂದು ಕಪಾಳಮೋಕ್ಷವನ್ನು ಮೂರು ದಿನ ಎಳೆದವಳಿಗೆ ಐದು ನಿಮಿಷ ಯಾವ ಮೂಲೆಗೆ ಸಾಕು ಹೇಳಿ?

ನಾಟಕಕ್ಕೆ ತೆರೆ ಬೀಳುತ್ತದೆ. ಸಿನಿಮಾ ಮುಗಿದರೆ ಜನ ಎದ್ದು ಹೋಗುತ್ತಾರೆ. ಧಾರಾವಾಹಿ ಮಾತ್ರ ತಾನಾಗಿ ಮನೆಗೆ ಬಂದು ಕೂರುತ್ತದೆ. ನಾಳೆ ಬರುತ್ತೇನೆ ಎಂದರೆ ನಿಜವಾಗಿಯೂ ಬರುತ್ತದೆ. ನಮ್ಮಲ್ಲಿ ಎಷ್ಟು ಜನ ಹಾಗೆ ಬರುತ್ತೇವೆ? ನಾನಂತೂ ಹೊತ್ತಿಗೆ ಬರಲಿಲ್ಲ.

ನಮ್ಮಮ್ಮ ಅಕ್ಕನ ಮನೆಯಲ್ಲಿದ್ದಳು. ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಅದರೆದುರು ಟಿವಿ, ಪಕ್ಕದಲ್ಲಿ ಅಮ್ಮನ ಮಂಚ. ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿ, "ಅಮ್ಮಂಗೆ ಜಾಸ್ತಿಯಾಗಿದೆ, ಬೇಗ ಬಾರೇ" ಎಂದಳು. ಅಂದು ನಮ್ಮ ಧಾರಾವಾಹಿಯ ಅತ್ತೆಗೆ ಹೃದಯಾಘಾತ. ಕಲಾವಿದರು ಮೇಕಪ್ ಹಾಕಿಕೊಂಡು ನನ್ನ ಹಾಳೆಗಳಿಗಾಗಿ ಕಾಯುತ್ತಿದ್ದರು. "ನಾಳೆ ಬರ್ತೀನಿ" ಎಂದೆ. ಹೋದೆ, ಅಮ್ಮ ಇರಲಿಲ್ಲ. ಅಕ್ಕ ಬಾಗಿಲಲ್ಲೇ ಹೇಳಿದಳು: "ನಿನ್ನ ಅತ್ತೆ ಬದುಕಿಕೊಂಡ್ಲಂತಲ್ಲ, ಒಳ್ಳೇದಾಯ್ತು ಬಿಡು."

ಆಮೇಲೆ ಆರು ವರ್ಷ ನಮಗೆ ಮಾತಿಲ್ಲ. ಆದರೆ ಅವಳ ಮಗಳು ಆಗಾಗ ಹೇಳುತ್ತಿದ್ದಳು: "ಏಳೂವರೆಗೆ ನಿನ್ನ ಧಾರಾವಾಹಿ ಶುರುವಾದ್ರೆ ಅಮ್ಮನ ಮಷೀನ್ ನಿಂತೇ ನಿಲ್ಲುತ್ತೆ, ಚಿಕ್ಕಮ್ಮ."

ಅದೇ ಧೈರ್ಯದ ಮೇಲೆ ನಾನೊಂದು ಉಪಾಯ ಹೂಡಿದೆ. ಕಥೆಯ ಕಿರಿ ಸೊಸೆಯನ್ನು ಅವಳ ಅಕ್ಕನ ಮನೆಗೆ ಕಳಿಸಿ, ಎರಡು ಪುಟ ಕ್ಷಮೆ ಬರೆದೆ. ಬರೆಯುತ್ತಾ ಅತ್ತೆ. ಅತ್ತೆಯ ಪಾತ್ರವಲ್ಲ, ನಾನೇ ಅತ್ತದ್ದು.

ಪ್ರಸಾರದ ದಿನ ಟಿವಿ ಎದುರು ಕೂತೆ. ಸೊಸೆ ಬಾಗಿಲು ತಟ್ಟಿದಳು, ಅವಳ ಅಕ್ಕ ತೆರೆದಳು, ಇಬ್ಬರೂ ಸುಮ್ಮನೆ ನಿಂತರು. ಜಾಹೀರಾತು. ಅದು ಮುಗಿಯುವಷ್ಟರಲ್ಲಿ ಕಥೆ ಬೇರೆ ಮನೆಗೆ ಹೋಗಿತ್ತು! ನಿರ್ದೇಶಕರಿಗೆ ಫೋನ್ ಮಾಡಿದರೆ, "ಉದ್ದ ಆಯ್ತು ಮೇಡಂ, ಎಡಿಟಿಂಗ್‌ನಲ್ಲಿ ತೆಗೆದ್ವಿ" ಎಂದರು. ಅವರು ಇಲ್ಲೇ ಮೊದಲ ಸಾಲಿನಲ್ಲಿದ್ದಾರೆ. ನಾನಂದು ಬೈದದ್ದನ್ನು ಈ ಸಭೆಯಲ್ಲಿ ಹೇಳುವಂತಿಲ್ಲ.

ಮರುದಿನ ನಾನೇ ಹೊರಟೆ. ಎರಡೂ ಪುಟ ಬಾಯಿಪಾಠವಾಗಿತ್ತು. ಅಕ್ಕ ಬಾಗಿಲು ತೆರೆದಳು. ಕೊರಳಲ್ಲಿ ಅಳತೆ ಟೇಪು, ತಲೆ ಪೂರ್ತಿ ನರೆತಿತ್ತು. ಸಾವಿರಾರು ಕಂತು ಬರೆದವಳ ಬಾಯಿಂದ "ಅಕ್ಕಾ" ಎಂಬುದರಾಚೆ ಏನೂ ಹೊರಡಲಿಲ್ಲ.

"ನಿನ್ನೆ ಅವಳೂ ಹೀಗೇ ನಿಂತಿದ್ಲು. ನೀನೇ ಅಂತ ಗೊತ್ತಾಯ್ತು," ಎಂದಳು ಅಕ್ಕ. "ಊಟ ಮಾಡಿದ್ಯಾ?"

ಊಟಕ್ಕೆ ಕೂತಾಗ, ನನ್ನ ಮುಖ ನೋಡದೆ ಹೇಳಿದಳು: "ಕೊನೇ ಸಂಜೆ ಅಮ್ಮ ಟಿವಿ ಹಾಕು ಅಂದ್ಲು. ಶುರುವಿನಲ್ಲಿ ನಿನ್ನ ಹೆಸರು ಬಂತಲ್ಲ, ಅದನ್ನ ನೋಡಿ 'ಬಂದ್ಲು' ಅಂದ್ಲು ಕಣೇ. ಆಮೇಲೆ ಮಾತಾಡಲಿಲ್ಲ. ಇದನ್ನ ನಿಂಗೆ ಹೇಳಲೇಬಾರದು ಅಂತ ಆರು ವರ್ಷ ಹಟ ಹಿಡಿದಿದ್ದೆ."

ಕ್ಷಮಿಸಿ. ಧಾರಾವಾಹಿಯ ಬಗ್ಗೆ ಮಾತಾಡಿ ಎಂದು ಕರೆದಿರಿ, ನಾನು ಮನೆಯ ಮಾತು ಆಡಿಬಿಟ್ಟೆ. ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.