ಖೈರ್ ಅಂದ ಮಂಗಳವಾರ

ಮತ್ತ ಗ್ವಾಡಿ ಕಡೆ ಮಾರಿ ಮಾಡಿದ್ರಿ? ಆತು ಬಿಡ್ರಿ. ನಾನರ ಏನು ಮಾತುಗಾರನ? ಈ ತೊರಗಲ್ ಕ್ವಾಟಿ ಬಾಗಲಾ ಕಾಯಾಂವ. ಬೀರಪ್ಪನ ಬಾಯಿಗೆ ಬೀಗ ಐತಿ ಅಂತಾರ ಊರಾಗ. ನೀವು ಶಾಯಿರ, ಪದಾ ಕಟ್ಟೋರು. ಮಾತಾಡಬೇಕಾದವರು ನೀವು. ಈಗ ನೋಡಿದ್ರ ನನ್ನ ಬಾಯಿಲೆ ಮಾತಾಡಸಾಕ ಹತ್ತೀರಿ!

ಏಳ್ರಿ ಮಿರ್ಜಾ ಸಾಹೇಬ್ರ. ಉಣ್ರಿ. ಕರೆವ್ವ ಬಿಸಿ ರೊಟ್ಟಿ ಬಡದಾಳ. ನನ್ನ ಸೊಸಿ... ನಿಮ್ಮ ಜ್ವರಕ್ಕ ಕಷಾಯ ಕಾಸಿದಾಕಿ. ಹಾಂ, ಅಕೀನ.

ಏನ್ರಿ ಇದು! ಮಂಗಳವಾರ ಕೊಟ್ಟ ಬೆಲ್ಲ ಇನ್ನೂ ತಲಿ ಹತ್ತರ ಹಂಗ ಐತಿ. ಇರುವಿ ಹತ್ಯಾವ. ನಿಮ್ಮ ಇರಾನದಾಗ ಬೆಲ್ಲ ಸೇರೂದಿಲ್ಲೇನು ಮಂದಿಗೆ?

ನಗಲಿಲ್ಲ. ಹೂಂ.

ಮೊದಲ ಹಿಂಗಿದ್ದಿಲ್ಲ ನೀವು. ಆ ಕುದರಿ ಮಾರೋ ಇರಾಣಿ ಮಂದಿ ರಾಮದುರ್ಗಕ್ಕ ಹೊಂಟಾಗ ನಿಮ್ಮನ್ನ ನನ್ನ ಬಾಗಲದಾಗ ಇಳಿಸಿ ಹೋದ್ರು. 'ದೊಡ್ಡ ಶಾಯಿರ. ಪಾದಶಹಾನ ಬೈದು ಪದಾ ಕಟ್ಟಿ ದೇಶಾ ಬಿಟ್ಟಾರ. ಸಂಭಾಳಸು' ಅಂದ್ರು. ಮೈಯಾಗ ಬೆಂಕಿ, ಬಾಯಾಗ ಪದಾ. 'ನಾನ್... ನಾನ್...' ಅಂತ ಒಂದ ಸಮನ! ನನಗ ಸಿಟ್ಟು ಬಂತು. ಸಾಯಾಕ ಬಿದ್ದಾಂವಗ ಎಷ್ಟು ಸೊಕ್ಕು, ನಾನು ನಾನು ಅಂತಾನಲ್ಲ! ಆಮ್ಯಾಲ ನೀವ ರೊಟ್ಟಿಗೆ ಬಟ್ಟು ಮಾಡಿ 'ನಾನ್' ಅಂದ್ರಿ. ನಿಮ್ಮ ಮಾತಿನಾಗ ರೊಟ್ಟಿಗೆ ನಾನ್! ಕರೆವ್ವ ನಕ್ಕದ್ದ ನಕ್ಕದ್ದು... ನೀವೂ ನಕ್ಕಿದ್ರಿ ಆವತ್ತ.

ಗುಲಾಬಿ, ಬುಲ್‌ಬುಲ್ ಬಿಟ್ಟು ಬಡವರ ರೊಟ್ಟಿ ಮ್ಯಾಲ ಪದಾ ಕಟ್ಟಿದ್ರಂತ. ಆ ಇರಾಣಿ ಮಂದಿ ಹೇಳಿದ್ರು. ಒಂದು ಸಾಲು ನೀವು, ಒಂದು ಸಾಲು ನಿಮ್ಮ ಶಿಷ್ಯ ಅಸದ್. ಬಜಾರದಾಗ ಮಂದಿ ಹಾಡಿದ್ರಂತ. ನೀವು ಪಾರಾದ್ರಿ, ಅಂವ ಜೇಲಿನಾಗ ಉಳದ. ರೊಟ್ಟಿ ಅಂದದ್ದಕ್ಕ ಜೇಲು! ಎಂಥಾ ರಾಜಾನೋ ಏನೋ.

ಇಲ್ಲೂ ಹಂಗ ಹಾಡತಿದ್ರಿ. ಒಂದು ಸಾಲು ಹಾಡೂದು, ಸುಮ್ಮ ಕೂಡೂದು... ಅವನ ಸಾಲಿಗೆ ಜಾಗಾ ಬಿಟ್ಟಂಗ. ಮತ್ತ ಒಂದು ಸಾಲು. ನನಗ ಏನೂ ತಿಳೀತಿದ್ದಿಲ್ಲ. ಖರೇ, ಬಾಗಲದಾಗ ಕುಂತು ಕೇಳತಿದ್ದೆ. ಮಂಗಳವಾರದಿಂದ ಒಂದು ಸಾಲೂ ಇಲ್ಲ. ಯಾಕ್ರಿ? ಚಲೋ ಸುದ್ದಿ ತಂದಿದ್ದೆನಲ್ಲ ನಾ?

ಮಾರಿ ಯಾಕ ಹಂಗ ಮಾಡತೀರಿ? ಹೇಳಿದೆನಲ್ಲ! ಯರಗಟ್ಟಿ ಸಂತ್ಯಾಗ ನಿಜಗುಣಪ್ಪ ಮಾಸ್ತರು ಭೆಟ್ಟಿ ಆದ್ರು. ಪುಣೆದ ಪತ್ರಿಕಾದಾಗ ನಿಮ್ಮ ಟೆಹರಾನದ ಸುದ್ದಿ ಬಂದಿತ್ತು, ಓದಿ ಹೇಳಿದ್ರು. ನಾ ಊರಿಗೆ ಬರೂದ ತಡ, ಮೆಟ್ಟಲದಾಗ ನಿಂತು ಕೇಳಿದ್ರಿ ನೀವು, 'ಅಸದ್ ಜಿಂದಾ?' ಅಂವ ಬದಕ್ಯಾನೇನು ಅಂತ. ನಾ ಅಂದೆ, ಖೈರ್. ನಮ್ಮ ಸಾಬರು ಅಂತಾರಲ್ಲ, ಸಬ್ ಖೈರ್... ಎಲ್ಲಾ ಕ್ಷೇಮ. ಅದಕ್ಕ ಬೆಲ್ಲ ತಂದು ಕೈಯಾಗ ಇಟ್ಟೆ. ನನ್ನ ಮಾತು ನಿಮಗ ಅರ್ಧಾ ತಿಳೀತೈತಿ, ಅರ್ಧಾ ಇಲ್ಲ. ಆದ್ರ ಇದೊಂದು ನಿಮ್ಮದ ಮಾತಲ್ಲ?

ಬಿಡ್ರಿ, ಉಣ್ರಿ. ಒಂದು ರೊಟ್ಟಿಲೆ ಏನಾಗತೈತಿ? ಇನ್ನೊಂದು?... ಏನಂದ್ರಿ? ಖೈರ್? ಹಾಂ, ಹಂಗ ಬರ್ರಿ ದಾರಿಗೆ. ತಗೋರಿ... ಅರೆ! ಖೈರ್ ಅಂತೀರಿ, ತಾಟಿಗೆ ಕೈ ಅಡ್ಡ ಹಿಡೀತೀರಿ! ದಿನಾ ಇದ ಆಟ ನಿಮ್ಮದು. ಖೈರ್ ಅಂತೀರಿ, ನಾ ಹಾಕತೇನಿ, ನೀವು ಹಂಗ ಬಿಡತೀರಿ. ಮೊನ್ನೆ ಕರೆವ್ವ ಅಂದ್ಲು, 'ಮಾವಾ, ಅವರಿಗೆ ಖೈರ್ ಅಂದ್ರ ಬ್ಯಾಡ ಅಂತ ಇದ್ದೀತು, ನೋಡ್ರಿ.' ಹುಚ್ಚಿ, ಸುಮ್ನಿರು ಅಂದೆ. ಖೈರ್ ಅಂದ್ರ...

ಖೈರ್ ಅಂದ್ರ...

ಸಾಹೇಬ್ರ. ಇತ್ತ ನೋಡ್ರಿ. ರೊಟ್ಟಿ?... ಖೈರ್. ನೀರು?... ಮತ್ತ ಖೈರ್. ತಲಿ ಅಲ್ಲಾಡಸತೀರಿ.

ಇಲ್ಲ ಅಂತನೇನು?

ಯಪ್ಪಾ ಶಿವನ.

ಹಂಗಾರ ಮಂಗಳವಾರ... ಅಸದ್ ಜಿಂದಾ ಅಂದ್ರಿ ನೀವು. ನಾ... ನಾ ನಕ್ಕೋತ ಅಂದೆ. ಎರಡೆರಡು ಸಲ ಅಂದೆ. ಅಂದು, ಕೈಯಾಗ ಬೆಲ್ಲ ಇಟ್ಟೆ!

ಹಂಗಲ್ರಿ, ಹಂಗಲ್ಲ! ನಮ್ಮ ಖೈರ್ ಬ್ಯಾರೆ. ನಮ್ಮದು ಚಲೋ ಅಂತ. ನೀವು ತಪ್ಪು ತಿಳದ್ರಿ. ಈಗ ನೆಟ್ಟಗ ಹೇಳತೇನಿ, ಕೇಳ್ರಿ. ಅಸದ್...

ಹಂಗ ನೋಡಬ್ಯಾಡ್ರಿ. ಹೇಳತೇನಿ. ಅಸದ್ ಜಿಂ...

ಏನರ ಅನ್ರಿ! ಬೈರಿ ನನಗ!

...ಮಾಸ್ತರು ಪೂರಾ ಓದಲಿಲ್ರಿ. ಅಸದ್‌ಗ ಫಾಶಿ ಅನ್ನೂತನಕ ಓದಿ ಪತ್ರಿಕಾ ಮಡಚಿದ್ರು. ದಾರಿ ತುಂಬ ಒಂದು ಸುಳ್ಳು ಹುಡುಕ್ಕೋತ ಬಂದೆ. ಸಣ್ಣದು, ಒಂದ ಮಾತಿಂದು. ಅದನ್ನೂ ಹೇಳಾಕ ಬರಲಿಲ್ಲ ನನಗ.

ಕೊಡ್ರಿ ಇತ್ತ, ಆ ಬೆಲ್ಲ.