ಮೊದಲೇ ಸೀಳಿದ್ದ ಬಂಡೆ

ಗಣಿ ಕುಸಿದಾಗಿನಿಂದ ಆಂಬುಲೆನ್ಸ್ ಚಾಲಕ ಗೇಟಿನ ಬಳಿ ಕಾಯುತ್ತಿದ್ದ. ಪಕ್ಕದಲ್ಲೇ ಗಣಿಯ ಭೂವಿಜ್ಞಾನಿಯೂ ಅವನ ತಂಗಿಯೂ ನಿಂತಿದ್ದರು. ಅವಳ ಗಂಡ ಒಳಗೆ ಸಿಕ್ಕಿಕೊಂಡಿದ್ದ. ಬೇಡವೆಂದರೂ ಮಾತು ಚಾಲಕನ ಕಿವಿಗೆ ಬೀಳುತ್ತಿತ್ತು.

“ಅಣ್ಣಾ, ಅವರನ್ನ ಅಲ್ಲಿಗೇ ಯಾಕೆ ಕಳಿಸ್ದೆ?”

“ಚಿನ್ನ ಅಲ್ಲೇ ಇತ್ತಮ್ಮ.”

“ಅಲ್ಲೇ ಯಾಕಿತ್ತು?”

“ಆಳದಲ್ಲಿ ಬೆಂದು ರೂಪ ಬದಲಾದ ಬಂಡೆ ಅದು, ಒತ್ತಡಕ್ಕೆ ಸೀಳುತ್ತೆ. ಸೀಳಿನೊಳಗೆ ಕುದಿಯೋ ನೀರು ಏರಿ ಬಂದು, ಆರ್ತಾ ಆರ್ತಾ ಬಿಳಿಕಲ್ಲನ್ನೂ ಚಿನ್ನಾನೂ ಅಲ್ಲೇ ಬಿಟ್ಟು ಹೋಗುತ್ತೆ.”

“ಅಂದ್ರೆ ಬಂಡೆ ಮೊದಲೇ ಸೀಳಿತ್ತು.”

“ಗಟ್ಟಿ ಬಂಡೇಲಿ ಚಿನ್ನ ಸಿಗಲ್ಲ ಕಣಮ್ಮ.”

“ಅದನ್ನ ಅವರಿಗೆ ಹೇಳಿದ್ಯಾ?”

“ಚಿನ್ನ ಇದೆ ಅಂತ ಹೇಳಿದ್ದೆ.”

ಗೇಟು ತೆರೆಯಿತು. ಗುರುತು ಹಿಡಿಯಲು ಮನೆಯವರು ಬರಬೇಕೆಂದು ಕಾವಲುಗಾರ ಕೂಗಿದ. ಅಣ್ಣ ತಂಗಿಯ ಕೈ ಹಿಡಿದು ಹೊರಟ.

ಅವಳು ಕೈ ಬಿಡಿಸಿಕೊಂಡಳು. “ನೀನು ಇಲ್ಲೇ ಇರು. ಮನೆಯವಳು ನಾನೊಬ್ಬಳೇ.”